ಕಡತದೊಳಗೊಂದು ದೇಶ

(ದತ್ತಿ ಉಪನ್ಯಾಸದ ಬರಹರೂಪ)



ಛಾಯಾಚಿತ್ರಕಲೆಯ ಬಗ್ಗೆ ಮಾತಾಡಬೇಕೆಂದು ಕೇಳಿದ ಸಂಘಟಕರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ನಾನು ಆರಿಸಿಕೊಂಡದ್ದು ಒಂದು ಸರ್ಕಾರಿ ಕಚೇರಿಯ ಕಥೆ. 1935ರಿಂದ 1943ರವರೆಗೆ ವಾಷಿಂಗ್ಟನ್ನಿನಲ್ಲಿದ್ದ ಒಂದು ಸಣ್ಣ ವಿಭಾಗ ಅಮೆರಿಕದ ಜನಜೀವನವನ್ನು ಕ್ಯಾಮೆರಾದಲ್ಲಿ ಹಿಡಿಯಲು ಹೊರಟಿತು. ಅದು ಬಿಟ್ಟುಹೋದ ಸುಮಾರು 1,75,000 ಕಪ್ಪು-ಬಿಳುಪು ನೆಗೆಟಿವ್‌ಗಳು, 1,600ರಷ್ಟು ಬಣ್ಣದ ಚಿತ್ರಗಳು ಇಂದು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅವುಗಳಲ್ಲಿ ನಾಲ್ಕೈದನ್ನು ಜಗತ್ತೆಲ್ಲ ಬಲ್ಲದು. ಪಠ್ಯಪುಸ್ತಕಗಳಲ್ಲಿ, ಪೋಸ್ಟರ್‌ಗಳಲ್ಲಿ, ಅಂಚೆಚೀಟಿಯ ಮೇಲೆ ಕೂಡ ಅವು ಬಂದಿವೆ. ಆದರೆ ಅಮೆರಿಕದ ಬದುಕು ಸಿಕ್ಕಿರುವುದು ಆ ನಾಲ್ಕೈದು ಚಿತ್ರಗಳಲ್ಲಿ ಅಲ್ಲ. ಯಾರೂ ನೋಡದೆ ಉಳಿದ ಲಕ್ಷಕ್ಕೂ ಮೀರಿದ ಚಿತ್ರಗಳಲ್ಲಿ, ಅವುಗಳ ಜೊತೆ ಬರೆದಿಟ್ಟ ಅಡಿಬರಹಗಳಲ್ಲಿ, ಒಟ್ಟಿನಲ್ಲಿ ಆ ಕಡತದಲ್ಲಿ ಅದು ಸಿಕ್ಕಿದೆ. ಇದೇ ನನ್ನ ಇಂದಿನ ವಾದ.

ಮೊದಲು ಕಾಲದ ಬಗ್ಗೆ ಎರಡು ಮಾತು. 1929ರಲ್ಲಿ ಷೇರುಪೇಟೆ ಕುಸಿಯಿತು. ಅದಕ್ಕೂ ಮೊದಲೇ ಬೆಳೆಯ ಬೆಲೆ ಬಿದ್ದು ರೈತರು ಸೋತಿದ್ದರು. ಮೂವತ್ತರ ದಶಕದಲ್ಲಿ ಓಕ್ಲಹೋಮ, ಕಾನ್ಸಸ್, ಟೆಕ್ಸಸ್ ಬಯಲುಗಳಲ್ಲಿ ಬರ ಬಂತು. ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಿದ್ದ ನೆಲ ಧೂಳಾಗಿ ಎದ್ದಿತು. ದಕ್ಷಿಣದ ಹತ್ತಿ ಸೀಮೆಯಲ್ಲಿ ಕೋರಿಗೆ ಉಳುತ್ತಿದ್ದ ಒಕ್ಕಲುಗಳನ್ನು ಟ್ರ್ಯಾಕ್ಟರು ಎಬ್ಬಿಸಿತು. ಬೆಳೆ ಕಡಿಮೆ ಮಾಡಿದರೆ ಸರ್ಕಾರ ಕೊಡುತ್ತಿದ್ದ ಹಣ ಬಹುಪಾಲು ಜಮೀನಿನ ಒಡೆಯನ ಕೈಸೇರಿತು. ಲಕ್ಷಗಟ್ಟಲೆ ಜನ ಹಳೆಯ ಮೋಟಾರುಗಳಲ್ಲಿ ಹಾಸಿಗೆ, ಪಾತ್ರೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ಕಡೆ ಗುಳೆ ಹೊರಟರು. ಇವರಿಗೆ ಸಾಲ ಕೊಡಲು, ನೆಲೆ ಒದಗಿಸಲು ಅಧ್ಯಕ್ಷ ರೂಸ್ವೆಲ್ಟ್ 1935ರಲ್ಲಿ ರೀಸೆಟಲ್‌ಮೆಂಟ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆ ತೆರೆದರು. ಎರಡು ವರ್ಷದಲ್ಲಿ ಅದರ ಹೆಸರು ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂದಾಯಿತು. ಇದು ತೆರಿಗೆದಾರರ ಹಣ ಪೋಲು ಮಾಡುವ ಇಲಾಖೆ ಎಂದು ವಿರೋಧಿಗಳು ಕೂಗುತ್ತಿದ್ದರು. ಹಣ ಎಲ್ಲಿಗೆ, ಯಾಕೆ ಹೋಗುತ್ತಿದೆ ಎಂದು ಕಣ್ಣಿಗೆ ಕಾಣುವಂತೆ ತೋರಿಸಲು ಒಂದು ಫೋಟೊ ವಿಭಾಗ ಹುಟ್ಟಿತು. ಅಂದರೆ ಅದು ಹುಟ್ಟಿದ್ದು ಪ್ರಚಾರಕ್ಕಾಗಿಯೇ. ಈ ಸಂಗತಿಯನ್ನು ನಾವು ಮರೆಯಬಾರದು.

ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್ ಛಾಯಾಗ್ರಾಹಕರಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ ಮೇಷ್ಟರು. ಪಠ್ಯಪುಸ್ತಕಕ್ಕೆ ಚಿತ್ರ ಹುಡುಕುತ್ತ ಹುಡುಕುತ್ತ ಫೋಟೊಗಳ ಹುಚ್ಚು ಹಿಡಿಸಿಕೊಂಡವರು. ಅವರು ತಮ್ಮ ಹುಡುಗರಿಗೆ ಬೆಳಕು, ಲೆನ್ಸು ಕಲಿಸಲಿಲ್ಲ; ಭೂಗೋಳ ಕಲಿಸಿದರು. ವಿಭಾಗದ ಛಾಯಾಗ್ರಾಹಕ ಕಾರ್ಲ್ ಮೈಡನ್ಸ್ ದಕ್ಷಿಣಕ್ಕೆ ಹೊರಟು ನಿಂತಾಗ, ಹತ್ತಿಯ ಬಗ್ಗೆ ನಿನಗೇನು ಗೊತ್ತು ಎಂದು ಸ್ಟ್ರೈಕರ್ ಕೇಳಿದರಂತೆ. ಹೆಚ್ಚೇನೂ ಗೊತ್ತಿಲ್ಲ ಎಂಬ ಉತ್ತರ ಬಂತು. ಪ್ರಯಾಣ ಅಲ್ಲಿಗೇ ನಿಂತಿತು. ಆ ಇಡೀ ದಿನ, ಊಟದ ಹೊತ್ತಿನಲ್ಲಿ, ರಾತ್ರಿ ಕೂಡ, ಹತ್ತಿ ಎಲ್ಲಿಂದ ಬಂತು, ಮಣ್ಣಿಗೆ ಏನು ಮಾಡಿತು, ಯಾರನ್ನು ಸಾಲಗಾರರನ್ನಾಗಿ ಮಾಡಿತು ಎಂದು ಹೇಳುತ್ತಲೇ ಕೂತರು. ಮರುದಿನ ಮೈಡನ್ಸ್ ಹೊರಟರು. ಹೊಸಬರು ಯಾರೇ ಬರಲಿ, ಜೆ. ರಸೆಲ್ ಸ್ಮಿತ್ ಬರೆದ ‘ನಾರ್ತ್ ಅಮೆರಿಕ’ ಎಂಬ ದಪ್ಪ ಭೂಗೋಳ ಪುಸ್ತಕವನ್ನು ಓದಲು ಕೊಟ್ಟು ಕಳಿಸುವುದು ಆ ಕಚೇರಿಯ ವಾಡಿಕೆಯಾಗಿತ್ತು.

ಇದಕ್ಕಿಂತ ಮುಖ್ಯವಾದದ್ದು ಅವರು ಬರೆದು ಕಳಿಸುತ್ತಿದ್ದ ಪ್ರಶ್ನೆಪಟ್ಟಿಗಳು. 1936ರಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ಲಿಂಡ್ ಜೊತೆ ಊಟಕ್ಕೆ ಕೂತಾಗ ಹೊಳೆದ ಒಂದು ಪಟ್ಟಿ ಈಗಲೂ ಉಳಿದಿದೆ. ಸಂಜೆ ಮನೆಯಲ್ಲಿ ಉಳ್ಳವರು ಏನು ಮಾಡುತ್ತಾರೆ, ಇಲ್ಲದವರು ಏನು ಮಾಡುತ್ತಾರೆ? ಊರಲ್ಲಿ ಜನ ಸೇರುವ ಜಾಗ ಯಾವುದು? ಗಂಡಸರಿಗಿರುವಷ್ಟು ಸೇರುವ ಜಾಗ ಹೆಂಗಸರಿಗೆ ಉಂಟೆ? ಮನೆಯ ಗೋಡೆಗೆ ಏನು ತೂಗುಹಾಕಿದ್ದಾರೆ? ವರಮಾನಕ್ಕೂ ಇಸ್ತ್ರಿ ಮಾಡಿದ ಬಟ್ಟೆಗೂ, ಪಾಲಿಶ್ ಮಾಡಿದ ಬೂಟಿಗೂ ಏನು ಸಂಬಂಧ? ಕೆಲಸದ ಹೊತ್ತಿನಲ್ಲಿ ಮನುಷ್ಯ ಹೇಗೆ ಕಾಣುತ್ತಾನೆ, ಬಿಡುವಿನಲ್ಲಿ ಹೇಗೆ? ಬಡ ಹೆಂಗಸರಿಗೆ ತಮ್ಮಂಥ ಇತರ ಹೆಂಗಸರೊಡನೆ ಬೆರೆಯುವ ಅವಕಾಶವೇ ಕಡಿಮೆ ಎಂಬ ಊಹೆ ಆ ಪಟ್ಟಿಯಲ್ಲೇ ಇದೆ. ಅದನ್ನು ಕ್ಯಾಮೆರಾದಿಂದ ಪರೀಕ್ಷಿಸಿ ಎಂಬ ಸೂಚನೆಯಂತೆ ಅದು ಓದಿಸಿಕೊಳ್ಳುತ್ತದೆ. ಇಂಥ ಪ್ರಶ್ನೆ ಹಿಡಿದು ಹೋದವರಿಗೆ ಸುಂದರ ಚಿತ್ರ ಸಿಕ್ಕರೂ ಸರಿ, ಸಿಗದಿದ್ದರೂ ಸರಿ, ಉತ್ತರ ಸಿಗಲೇಬೇಕು. ಬಾಗಿಲು ತಟ್ಟಬೇಕು, ಕೂತು ಮಾತಾಡಬೇಕು, ಗೋಡೆ ನೋಡಬೇಕು. ರಸೆಲ್ ಲೀ 1940ರಲ್ಲಿ ನ್ಯೂ ಮೆಕ್ಸಿಕೋದ ಪೈ ಟೌನ್ ಎಂಬ ಹಳ್ಳಿಗೆ ಹೋಗಿ ಹೊಲ, ಅಡುಗೆಮನೆ, ಸಾಮೂಹಿಕ ಊಟ, ರಾತ್ರಿಯ ಕುಣಿತ ಎಲ್ಲವನ್ನೂ ಹಿಡಿದ ಬಗೆಯನ್ನು ನೋಡಿದರೆ ಈ ಪಟ್ಟಿಗಳ ಬೆಲೆ ತಿಳಿಯುತ್ತದೆ. ಅದರಲ್ಲಿ ಒಂದೊಂದು ಚಿತ್ರ ಬಿಡಿಯಾಗಿ ಸಾಧಾರಣ. ಸಾಲಾಗಿ ನೋಡಿದಾಗ ಒಂದು ಊರು ಬದುಕುವ ರೀತಿ ಪೂರ್ತಿ ಗೊತ್ತಾಗುತ್ತದೆ.

ಸ್ಟ್ರೈಕರ್ ಅವರಲ್ಲಿ ನನಗೆ ಒಪ್ಪಿಗೆಯಾಗದ ಒಂದು ರೂಢಿಯಿತ್ತು. ತಮಗೆ ಬೇಡವೆನಿಸಿದ ನೆಗೆಟಿವ್‌ಗಳಿಗೆ ಕಾಗದ ತೂತು ಮಾಡುವ ಪಂಚಿಂಗ್ ಯಂತ್ರದಿಂದ ತೂತು ಹೊಡೆದುಬಿಡುತ್ತಿದ್ದರು. ಮತ್ತೆಂದೂ ಅವನ್ನು ಅಚ್ಚು ಹಾಕಬಾರದು ಎಂದು. ಛಾಯಾಗ್ರಾಹಕರು ಜಗಳವಾಡಿದ ಮೇಲೆ, 1939ರ ಸುಮಾರಿಗೆ, ಈ ಅಭ್ಯಾಸ ನಿಂತಿತು. ಅಷ್ಟರಲ್ಲಿ ಸಾವಿರಾರು ನೆಗೆಟಿವ್‌ಗಳು ಹಾಳಾಗಿದ್ದವು. ಆದರೆ ಅವನ್ನೂ ಎಸೆಯಲಿಲ್ಲ. ಅವೂ ಕಡತದಲ್ಲೇ ಇವೆ. ಒಬ್ಬ ರೈತ ಹೊಲದಲ್ಲಿ ನಿಂತಿರುತ್ತಾನೆ. ಆಕಾಶದಲ್ಲಿ ಸೂರ್ಯನಿರಬೇಕಾದ ಜಾಗದಲ್ಲಿ, ಕೆಲವೊಮ್ಮೆ ಅವನ ಮುಖದ ಮೇಲೇ, ಒಂದು ಕಪ್ಪು ಗುಂಡು ಕೂತಿರುತ್ತದೆ. ಆಯ್ಕೆ ಮಾಡುವ ಕೈ ಎಷ್ಟು ಬಲವಾದದ್ದು ಎಂದು ತೋರಿಸಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬೇಡವಾದದ್ದನ್ನೂ ಉಳಿಸಿಕೊಂಡ ಕಚೇರಿ ತನ್ನ ತಪ್ಪನ್ನು ತಾನೇ ದಾಖಲಿಸಿಕೊಂಡಿದೆ.

1936ರ ಬೇಸಗೆಯಲ್ಲಿ ವಿಭಾಗದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಹತ್ತಿರ ತೆಗೆದ ಒಂದು ಚಿತ್ರದ ಗತಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದು ಹಳ್ಳಿ ಅಂಗಡಿಯ ಜಗಲಿ. ಮುಂದೆ ಮೋಟಾರು ಕಾರು. ಅದರ ಬಂಪರಿನ ಮೇಲೆ ಒಂದು ಕಾಲೂರಿ, ಮಂಡಿಯ ಮೇಲೆ ಕೈಯೂರಿ ನಿಂತ ದಪ್ಪ ಮೈಯ ಬಿಳಿಯ, ಹತ್ತಿ ಜಮೀನಿನ ಧಣಿ. ಅವನ ಹಿಂದೆ, ಜಗಲಿಯಲ್ಲಿ, ಮೆಟ್ಟಿಲ ಮೇಲೆ, ಅವನ ಕಪ್ಪು ಆಳುಗಳು. ಕಾರು, ಅಂಗಡಿ, ನೆಲ ಎಲ್ಲವೂ ತನ್ನವು, ಹಿಂದೆ ಕೂತವರೂ ತನ್ನವರೇ ಎಂಬ ಹಾಗೆ ಅವನು ನಿಂತಿದ್ದಾನೆ. ಚಿತ್ರದ ಎಡ ಅಂಚಿನಲ್ಲಿ ಇನ್ನೊಬ್ಬ ಮನುಷ್ಯನ ಒಂದಿಷ್ಟು ಭಾಗ ಮಾತ್ರ ಕಾಣುತ್ತದೆ. ಅವರು ಲ್ಯಾಂಗ್ ಅವರ ಗಂಡ, ಅರ್ಥಶಾಸ್ತ್ರಜ್ಞ ಪಾಲ್ ಟೇಲರ್. ಅವರು ಧಣಿಯನ್ನು ಮಾತಿಗೆ ಎಳೆದಿದ್ದಾರೆ, ಲ್ಯಾಂಗ್ ಚಿತ್ರ ತೆಗೆಯುತ್ತಿದ್ದಾರೆ. ದಕ್ಷಿಣದ ಜಮೀನ್ದಾರಿಯ ಲೆಕ್ಕವೆಲ್ಲ ಆ ಒಂದು ಚೌಕಟ್ಟಿನಲ್ಲಿದೆ.

ಎರಡು ವರ್ಷದ ಮೇಲೆ, 1938ರಲ್ಲಿ, ಕವಿ ಆರ್ಚಿಬಾಲ್ಡ್ ಮ್ಯಾಕ್‌ಲೀಶ್ ‘ಲ್ಯಾಂಡ್ ಆಫ್ ದಿ ಫ್ರೀ’ ಎಂಬ ಪುಸ್ತಕ ತಂದರು. ಈ ವಿಭಾಗದ ಚಿತ್ರಗಳ ಪಕ್ಕಕ್ಕೆ ಅವರ ಕವಿತೆ. ಅದರಲ್ಲಿ ಈ ಚಿತ್ರವೂ ಇದೆ, ಆದರೆ ಕತ್ತರಿಸಿ. ಹಿಂದಿನ ಕಪ್ಪು ಜನ ಮಾಯವಾಗಿದ್ದಾರೆ. ಬಂಪರಿನ ಮೇಲೆ ಕಾಲಿಟ್ಟ ಬಿಳಿಯ ಒಬ್ಬನೇ ಉಳಿದಿದ್ದಾನೆ, ಸ್ವಾತಂತ್ರ್ಯಪ್ರಿಯ ಅಮೆರಿಕನ್ನನ ಮಾದರಿಯಾಗಿ. ಆಳುವವನನ್ನೇ ಸ್ವಾತಂತ್ರ್ಯದ ಸಂಕೇತ ಮಾಡಲು ಬೇಕಾದದ್ದು ಒಂದು ಕತ್ತರಿ ಅಷ್ಟೆ. ಇದು ಮ್ಯಾಕ್‌ಲೀಶ್ ಒಬ್ಬರದೇ ದೋಷವಲ್ಲ. ಕಪ್ಪು ಗೇಣಿದಾರರನ್ನೂ ಬಿಳಿಯರನ್ನೂ ತೆಗೆಯಿರಿ, ಆದರೆ ಬಿಳಿಯರಿಗೆ ಒತ್ತು ಕೊಡಿ, ಅವರ ಚಿತ್ರಗಳೇ ಹೆಚ್ಚು ಬಳಕೆಯಾಗುತ್ತವೆ ಎಂದು ಸ್ಟ್ರೈಕರ್ 1937ರಲ್ಲಿ ಲ್ಯಾಂಗ್ ಅವರಿಗೆ ಕಾಗದ ಬರೆದಿದ್ದರು. ಪತ್ರಿಕೆಗಳು ಏನನ್ನು ಅಚ್ಚು ಹಾಕುತ್ತವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಛಾಯಾಗ್ರಾಹಕರು ತೆಗೆಯುವುದನ್ನು ತೆಗೆದರು. ಮೇರಿಯನ್ ಪೋಸ್ಟ್ ವೋಲ್ಕಾಟ್ 1939ರಲ್ಲಿ ಮಿಸಿಸಿಪ್ಪಿಯ ಬೆಲ್ಜೋನಿಯಲ್ಲಿ, ಸಿನಿಮಾ ಮಂದಿರದ ಹೊರಗೋಡೆಯ ಮೆಟ್ಟಿಲು ಹತ್ತಿ ಕಪ್ಪು ಜನರ ಪ್ರತ್ಯೇಕ ಬಾಗಿಲಿಗೆ ಒಬ್ಬಂಟಿಯಾಗಿ ಹೋಗುತ್ತಿರುವ ಮನುಷ್ಯನನ್ನು ಹಿಡಿದರು. ಆಗ ಯಾರು ಅಚ್ಚು ಹಾಕಲಿ ಬಿಡಲಿ, ಕಡತದಲ್ಲಿ ಅದಕ್ಕೆ ಜಾಗ ಸಿಕ್ಕಿತು.

ಚಿತ್ರ ಸುಳ್ಳು ಹೇಳುತ್ತದೆಯೇ ಎಂಬ ಜಗಳ ಕೂಡ ಅದೇ 1936ರಲ್ಲಿ ಎದ್ದಿತ್ತು. ಇದೇ ವಿಭಾಗದ ಆರ್ಥರ್ ರಾತ್‌ಸ್ಟೀನ್ ದಕ್ಷಿಣ ಡಕೋಟಾದ ಬಿರುಕುಬಿಟ್ಟ ನೆಲದ ಮೇಲೆ ದನದ ತಲೆಬುರುಡೆಯೊಂದನ್ನು ಕಂಡು, ಕೆಲವು ಅಡಿ ಅತ್ತಿತ್ತ ಸರಿಸಿ, ಬೇರೆ ಬೇರೆ ಬೆಳಕಿನಲ್ಲಿ ತೆಗೆದಿದ್ದರು. ಚುನಾವಣೆಯ ವರ್ಷ. ರೂಸ್ವೆಲ್ಟ್ ಸರ್ಕಾರ ಬರವನ್ನೇ ಕೃತಕವಾಗಿ ಸೃಷ್ಟಿಸಿದೆ ಎಂದು ವಿರೋಧಿ ಪತ್ರಿಕೆಗಳು ಬೊಬ್ಬೆ ಹಾಕಿದವು. ಬರ ನಿಜವೇ ಆಗಿತ್ತು. ಆದರೂ ವಸ್ತುವನ್ನು ಮುಟ್ಟಬಾರದಿತ್ತು ಎಂದೇ ನನ್ನ ಅಭಿಪ್ರಾಯ. ಬುರುಡೆ ಸರಿದದ್ದು ಜಗತ್ತಿಗೆ ತಿಳಿದದ್ದಾದರೂ ಹೇಗೆ? ಆ ಸರಣಿಯ ಒಂದಕ್ಕಿಂತ ಹೆಚ್ಚು ಚಿತ್ರಗಳು ಹೊರಗೆ ಬಂದಿದ್ದರಿಂದ. ಒಂದೇ ಚಿತ್ರವಿದ್ದಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಈಗ ಎಲ್ಲರಿಗೂ ಗೊತ್ತಿರುವ ಚಿತ್ರಕ್ಕೆ ಬರುತ್ತೇನೆ: ‘ಮೈಗ್ರೆಂಟ್ ಮದರ್’. 1936ರ ಮಾರ್ಚ್, ಕ್ಯಾಲಿಫೋರ್ನಿಯಾದ ನಿಪೋಮೊ. ಶೀತಕ್ಕೆ ಬಟಾಣಿ ಬೆಳೆ ಹಾಳಾಗಿ ಕೂಲಿಯಿಲ್ಲದೆ ಕೂತಿದ್ದ ಜನರ ಬೀಡು. ತಿಂಗಳ ತಿರುಗಾಟ ಮುಗಿಸಿ ಮನೆಗೆ ಹೋಗುತ್ತಿದ್ದ ಲ್ಯಾಂಗ್ ಬೀಡಿನ ಫಲಕವನ್ನು ದಾಟಿ ಇಪ್ಪತ್ತು ಮೈಲಿ ಮುಂದೆ ಹೋಗಿ, ಮನಸ್ಸು ತಡೆಯದೆ ತಿರುಗಿ ಬಂದರು. ಹರಕು ಡೇರೆಯ ಕೆಳಗೆ ಕೂತ ಒಬ್ಬ ತಾಯಿ, ಅವಳ ಮಕ್ಕಳು. ದೂರದಿಂದ ಶುರುಮಾಡಿ ಹತ್ತಿರ ಹತ್ತಿರ ಬರುತ್ತ ಕೆಲವೇ ಚಿತ್ರ ತೆಗೆದರು. ಕೊನೆಯದರಲ್ಲಿ ಇಬ್ಬರು ಮಕ್ಕಳು ಮುಖ ತಿರುಗಿಸಿ ತಾಯಿಯ ಹೆಗಲಿಗೆ ಒರಗಿದ್ದಾರೆ, ಮಡಿಲಲ್ಲಿ ಕೂಸು, ಗಲ್ಲದ ಹತ್ತಿರ ಬೆರಳು ತಂದು ಅವಳು ಎಲ್ಲೋ ನೋಡುತ್ತಿದ್ದಾಳೆ. ಚಿತ್ರಗಳು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಗೆ ತಲುಪಿದವು. ಬೀಡಿಗೆ ಸರ್ಕಾರ ಇಪ್ಪತ್ತು ಸಾವಿರ ಪೌಂಡ್ ಆಹಾರ ಕಳಿಸಿತು. ಫೋಟೊದಿಂದ ಇಷ್ಟು ಬೇಗ ಅನ್ನ ಬಂದದ್ದು ಅಪರೂಪ, ಅದಕ್ಕೆ ನಾನು ಕೈಮುಗಿಯುತ್ತೇನೆ.

ಆದರೆ ಲ್ಯಾಂಗ್ ಆ ತಾಯಿಯ ಹೆಸರು ಕೇಳಲಿಲ್ಲ. ವಯಸ್ಸು ಮೂವತ್ತೆರಡು, ಏಳು ಮಕ್ಕಳು ಎಂದಷ್ಟೇ ಬರೆದುಕೊಂಡರು. ಕಾರಿನ ಟಯರು ಮಾರಿ ಆಹಾರ ಕೊಂಡಿದ್ದರು ಎಂದು ವರ್ಷಗಳ ನಂತರ ನೆನೆದರು. ಹಾಗೆ ನಡೆದೇ ಇಲ್ಲ ಎಂದು ಆ ಮನೆಯವರು ಹೇಳಿದರು. 1978ರಲ್ಲಿ ಒಬ್ಬ ಪತ್ರಕರ್ತರು ಆಕೆಯನ್ನು ಪತ್ತೆ ಮಾಡಿದಾಗ ಹೆಸರು ಹೊರಬಂತು: ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಓಕ್ಲಹೋಮದ ಚೆರೋಕಿ ಮೂಲನಿವಾಸಿ ಹೆಂಗಸು. ನಲವತ್ತು ವರ್ಷ ದೇಶವೆಲ್ಲ ಆಕೆಯನ್ನು ಬಿಳಿಯ ರೈತಾಪಿ ತಾಯಿಯೆಂದು ನೋಡಿ ಮರುಗಿತ್ತು. ತನ್ನ ಹೆಸರು ಕೇಳಲಿಲ್ಲ, ತನಗೊಂದು ಕಾಸು ಬರಲಿಲ್ಲ ಎಂಬ ನೋವು ಆಕೆಗಿತ್ತು. 1983ರಲ್ಲಿ ಆಕೆ ತೀರಿಕೊಂಡರು.

ನನ್ನನ್ನು ಕಾಡುವುದು ಇದು: ಜನರ ಮಾತು ಕೇಳುವುದರಲ್ಲಿ ಲ್ಯಾಂಗ್ ಅವರನ್ನು ಮೀರಿಸಿದವರು ಆ ಗುಂಪಿನಲ್ಲಿ ಯಾರೂ ಇರಲಿಲ್ಲ. ಸಣ್ಣಂದಿನ ಪೋಲಿಯೊದಿಂದ ಕುಂಟುತ್ತಿದ್ದ ಅವರು ಹೊಲದ ಬದುವಿನಲ್ಲಿ ನಿಂತು ಕುಡಿಯಲು ನೀರು ಕೇಳಿ, ಮಾತಿಗೆ ತೊಡಗಿ, ಕಾರಿಗೆ ಬಂದ ಕೂಡಲೇ ಕೇಳಿದ್ದನ್ನು ಬರೆದುಕೊಳ್ಳುತ್ತಿದ್ದರು. ಎಕರೆಗೆಷ್ಟು ಗೇಣಿ, ದಿನಕ್ಕೆಷ್ಟು ಕೂಲಿ, ಎಲ್ಲಿಂದ ಹೊರಟರು, ಯಾಕೆ ಹೊರಟರು, ಎಲ್ಲವೂ ಅವರ ಅಡಿಬರಹಗಳಲ್ಲಿದೆ. 1937ರಲ್ಲಿ ಛಾಯಾಗ್ರಾಹಕಿ ಮಾರ್ಗರೆಟ್ ಬರ್ಕ್-ವೈಟ್ ಮತ್ತು ಕಾದಂಬರಿಕಾರ ಎರ್ಸ್ಕಿನ್ ಕಾಲ್ಡ್‌ವೆಲ್ ದಕ್ಷಿಣದ ಬಡವರ ಬಗ್ಗೆ ತಂದ ಪುಸ್ತಕದಲ್ಲಿ ಚಿತ್ರದ ಕೆಳಗಿನ ಮಾತುಗಳನ್ನು ಲೇಖಕರೇ ಕಟ್ಟಿ, ಜನರ ಬಾಯಿಗೆ ಹಾಕಿದ್ದರು. ಹಾಗೆಂದು ಒಪ್ಪಿಕೊಂಡೂ ಇದ್ದರು. ಲ್ಯಾಂಗ್, ಟೇಲರ್ 1939ರಲ್ಲಿ ತಂದ ‘ಆನ್ ಅಮೆರಿಕನ್ ಎಕ್ಸೋಡಸ್’ ಇದಕ್ಕೆ ತಿರುಗಿ ನಿಂತಿತು. ಅಲ್ಲಿ ಉದ್ಧರಣೆಯೊಳಗಿನ ಮಾತು ಆಡಿದವರದೇ. ಇಷ್ಟು ಕಟ್ಟುನಿಟ್ಟಿನ ಹೆಂಗಸು ದಣಿದ ಒಂದು ಮಧ್ಯಾಹ್ನ ಹೆಸರು ಕೇಳದೆ ಬಂದರು. ಆ ಚಿತ್ರವೇ ಲೋಕಪ್ರಸಿದ್ಧವಾಯಿತು. ಬಹುಶಃ ಹೆಸರಿಲ್ಲದ್ದರಿಂದಲೇ ಅದು ಎಲ್ಲರ ತಾಯಿಯೂ ಆಗಲು ಸಾಧ್ಯವಾಯಿತು. ಆದರೆ ಅದರ ಬೆಲೆ ತೆತ್ತವರು ಥಾಂಪ್ಸನ್.

ಬರ್ಕ್-ವೈಟ್ ಹೆಸರು ಬಂದಾಗ ನಮ್ಮ ದೇಶದ ಒಂದು ಪ್ರಸಂಗ ಹೇಳಬೇಕು. 1946ರಲ್ಲಿ ‘ಲೈಫ್’ ಪತ್ರಿಕೆಗಾಗಿ ಗಾಂಧೀಜಿಯವರ ಚಿತ್ರ ತೆಗೆಯಲು ಬಂದ ಆಕೆಗೆ, ಚರಕದ ಮುಂದೆ ಅವರನ್ನು ತೆಗೆಯಬೇಕಾದರೆ ಮೊದಲು ನೂಲುವುದನ್ನು ಕಲಿಯಬೇಕು ಎಂದು ಗಾಂಧೀಜಿಯ ಕಾರ್ಯದರ್ಶಿ ಹೇಳಿದರು. ಕಲಿತ ಮೇಲೆಯೇ ಒಳಗೆ ಬಿಟ್ಟದ್ದು. ಹತ್ತಿ ತಿಳಿಯದೆ ಹತ್ತಿ ಸೀಮೆಗೆ ಹೋಗಬೇಡ ಎಂದ ಸ್ಟ್ರೈಕರ್ ಇದನ್ನು ಕೇಳಿದ್ದರೆ ತಲೆದೂಗುತ್ತಿದ್ದರು. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರ ಚಿತ್ರಗಳೂ ‘ಲೈಫ್’ನಲ್ಲಿ ಬಂದವು. ಕ್ಯಾಮೆರಾ ಹಿಡಿದಷ್ಟೇ ಸಲೀಸಾಗಿ ಪೆನ್ನು ಹಿಡಿದ ಅವರನ್ನು ಈ ಪರಂಪರೆಯ ಪಕ್ಕದಲ್ಲಿಟ್ಟು ಯಾರಾದರೂ ಬರೆಯಬೇಕು.

ಇನ್ನು ಗಾರ್ಡನ್ ಪಾರ್ಕ್ಸ್. ಕಾನ್ಸಸ್‌ನ ಬಡ ಕಪ್ಪು ಕುಟುಂಬದ ಹುಡುಗ. ರೈಲಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದಾಗ ಪ್ರಯಾಣಿಕರು ಬಿಟ್ಟುಹೋದ ಪತ್ರಿಕೆಯೊಂದರಲ್ಲಿ ಈ ವಿಭಾಗದ ಚಿತ್ರಗಳನ್ನು ಕಂಡು, ಗಿರವಿ ಅಂಗಡಿಯಲ್ಲಿ ಕ್ಯಾಮೆರಾ ಕೊಂಡವರು. 1942ರಲ್ಲಿ ಒಂದು ಫೆಲೋಶಿಪ್ ಪಡೆದು ಇದೇ ಕಚೇರಿಗೆ ಬಂದರು. ಮೊದಲ ದಿನ ಸ್ಟ್ರೈಕರ್ ಪಾರ್ಕ್ಸ್ ಅವರ ಕ್ಯಾಮೆರಾಗಳನ್ನು ಬೀರುವಿನಲ್ಲಿಟ್ಟು, ಪೇಟೆಗೆ ಹೋಗಿ ಒಂದು ಕೋಟು ಕೊಳ್ಳಿ, ಊಟ ಮಾಡಿ, ಸಿನಿಮಾ ನೋಡಿ ಬನ್ನಿ ಎಂದು ಕಳಿಸಿದರು. ಎಲ್ಲ ಕಡೆಯೂ ಕಪ್ಪು ಬಣ್ಣದವರಿಗೆ ಪ್ರವೇಶವಿಲ್ಲ ಎಂಬ ಉತ್ತರ. ಕುದಿಯುತ್ತ ಹಿಂದಿರುಗಿದ ಪಾರ್ಕ್ಸ್‌ಗೆ ಸ್ಟ್ರೈಕರ್ ಕಸ ಗುಡಿಸುತ್ತಿದ್ದ ಹೆಂಗಸನ್ನು ತೋರಿಸಿ, ಹೋಗಿ ಅವರ ಜೊತೆ ಮಾತಾಡಿ ಎಂದರು. ಆಕೆ ಎಲಾ ವಾಟ್ಸನ್. ವರ್ಷಕ್ಕೆ 1,080 ಡಾಲರ್ ಸಂಬಳ. ಪಾರ್ಕ್ಸ್ ಆಕೆಯ ಕಥೆ ಕೇಳಿದರು: ಬಿಳಿಯರ ಗುಂಪು ಕೊಂದ ತಂದೆ, ಗುಂಡಿಗೆ ಬಲಿಯಾದ ಗಂಡ, ಸಾಕಬೇಕಾದ ಮೊಮ್ಮಕ್ಕಳು. ಗೋಡೆಗೆ ನೇತುಹಾಕಿದ್ದ ಅಮೆರಿಕದ ದೊಡ್ಡ ಬಾವುಟದ ಮುಂದೆ ಆಕೆಯನ್ನು ನಿಲ್ಲಿಸಿದರು. ಒಂದು ಕೈಯಲ್ಲಿ ಕಸಬರಿಗೆ, ಪಕ್ಕದಲ್ಲಿ ನೆಲ ಒರೆಸುವ ಕೋಲು, ಚುಕ್ಕೆಚುಕ್ಕೆಯ ಹಳೆ ಅಂಗಿ, ನೇರ ನೋಟ. ಗ್ರಾಂಟ್ ವುಡ್ 1930ರಲ್ಲಿ ಬರೆದ ರೈತ ಮತ್ತು ಅವನ ಮಗಳ ವರ್ಣಚಿತ್ರದ ‘ಅಮೆರಿಕನ್ ಗಾಥಿಕ್’ ಎಂಬ ಹೆಸರೇ ಇದಕ್ಕೂ ಬಂತು. ಇದನ್ನು ನೋಡಿ ಸ್ಟ್ರೈಕರ್, ನಮ್ಮೆಲ್ಲರ ಕೆಲಸ ಹೋಗುವಂತೆ ಮಾಡುತ್ತೀರಿ ಎಂದರಂತೆ.

ಅಲ್ಲಿಗೇ ಬಿಟ್ಟಿದ್ದರೆ ಇದೂ ಒಂದು ಪ್ರಸಿದ್ಧ ಚಿತ್ರವಾಗಿ ಉಳಿಯುತ್ತಿತ್ತು. ಇನ್ನೂ ಹೋಗಿ, ಮುಂದುವರಿಸಿ ಎಂದರು ಸ್ಟ್ರೈಕರ್. ಪಾರ್ಕ್ಸ್ ವಾರಗಟ್ಟಲೆ ಆಕೆಯ ಹಿಂದೆ ನಡೆದರು. ಎಂಬತ್ತಕ್ಕೂ ಹೆಚ್ಚು ಚಿತ್ರ ತೆಗೆದರು. ರಾತ್ರಿ ಕಚೇರಿ ಗುಡಿಸುವುದು, ಕೇರಿಯ ಅಂಗಡಿ, ಆಕೆಯ ಕೋಣೆಯಲ್ಲಿ ಮೇಣದಬತ್ತಿ, ದೇವರ ಮೂರ್ತಿಗಳಿಟ್ಟ ಪೂಜೆಯ ಜಾಗ, ಚರ್ಚಿನಲ್ಲಿ ಹೂವಿನ ಬೋಗುಣಿಯ ವಾರ್ಷಿಕ ಆಚರಣೆ. ಒಂದು ಚಿತ್ರದ ಬಲಕ್ಕೆ ಬಾಗಿಲಾಚೆಯ ಅಡುಗೆಮನೆಯಲ್ಲಿ ಮೊಮ್ಮಕ್ಕಳೊಡನೆ ಕೂತ ವಾಟ್ಸನ್. ಎಡಕ್ಕೆ ಕನ್ನಡಿ ಮೇಜಿನ ಮೇಲೆ ಚೌಕಟ್ಟಿನಲ್ಲಿ ಹಿರಿಯರ ಫೋಟೊ, ಕನ್ನಡಿಯಲ್ಲಿ ಸಾಕುಮಗಳ ಪ್ರತಿಬಿಂಬ. ತಲೆಮಾರುಗಳೆಲ್ಲ ಒಂದೇ ಮನೆಯಲ್ಲಿ ಇಕ್ಕಟ್ಟಾಗಿ ಕೂಡಿವೆ. ಬಾವುಟದ ಮುಂದೆ ನಿಂತಾಗ ಆಕೆ ಅನ್ಯಾಯದ ಗುರುತು. ಈ ಚಿತ್ರಗಳಲ್ಲಿ ಆಕೆ ಅಜ್ಜಿ, ಭಕ್ತೆ, ಮನೆಯೊಡತಿ. ಅಡಿಬರಹದಲ್ಲಿ ಹೆಸರಿದೆ, ಮಾಡುವ ಕೆಲಸವಿದೆ, ಊರಿದೆ. ನನಗೆ ಬಾವುಟದ ಚಿತ್ರಕ್ಕಿಂತ ಕನ್ನಡಿಯ ಚಿತ್ರ ದೊಡ್ಡದು.

ಯುದ್ಧ ಬಂದ ಮೇಲೆ ಕಚೇರಿಯ ಸ್ವರ ಬದಲಾಯಿತು. ದೇಶದ ಮೇಲೆ ನಂಬಿಕೆಯಿರುವ, ಹುರುಪಿನ ಮುಖಗಳು ಬೇಕು, ಕಡತದ ತುಂಬ ಸೊರಗಿದವರೇ ಇದ್ದಾರೆ ಎಂದು ಸ್ಟ್ರೈಕರ್ ಅವರೇ ಬರೆದರು. 1942ರಲ್ಲಿ ವಿಭಾಗ ಯುದ್ಧ ಪ್ರಚಾರದ ಇಲಾಖೆಗೆ ಸೇರಿತು. ಅದೇ ವರ್ಷ ಲ್ಯಾಂಗ್ ಬೇರೊಂದು ಸರ್ಕಾರಿ ಸಂಸ್ಥೆಗಾಗಿ ಜಪಾನಿ ಮೂಲದ ಅಮೆರಿಕನ್ನರನ್ನು ಬಂಧನ ಶಿಬಿರಗಳಿಗೆ ಸಾಗಿಸಿದ್ದನ್ನು ತೆಗೆದರು. ಆ ಚಿತ್ರಗಳಲ್ಲಿ ಸತ್ಯ ಎಷ್ಟು ಢಾಳಾಗಿ ಕಂಡಿತೆಂದರೆ ಸೇನೆ ಅವನ್ನು ಯುದ್ಧ ಮುಗಿಯುವವರೆಗೂ ಹೊರಗೆ ಬಿಡಲಿಲ್ಲ. ತಮ್ಮ ಕಡತಕ್ಕೂ ಇಂಥದೇ ಗತಿ ಬಂದೀತು, ಕಾಂಗ್ರೆಸ್ಸಿನಲ್ಲಿದ್ದ ವಿರೋಧಿಗಳು ನಾಶಮಾಡಿಸಿಯಾರು ಎಂದು ಸ್ಟ್ರೈಕರ್ ಹೆದರಿದರು. ಅವರು ನೆರವು ಬೇಡಿದ್ದು ಆಗ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರಾಗಿದ್ದವರನ್ನು, ಅಂದರೆ ಕ್ಲಾರ್ಕ್ಸ್‌ಡೇಲ್ ಚಿತ್ರವನ್ನು ಕತ್ತರಿಸಿ ಬಳಸಿದ ಅದೇ ಮ್ಯಾಕ್‌ಲೀಶ್ ಅವರನ್ನು. 1944ರಲ್ಲಿ ಇಡೀ ಸಂಗ್ರಹ ಲೈಬ್ರರಿಗೆ ಸೇರಿತು. ಕತ್ತರಿಸದ ನೆಗೆಟಿವ್ ಕೂಡ.

ಹತ್ತು ವರ್ಷದ ನಂತರ ಸ್ವಿಟ್ಜರ್ಲೆಂಡಿನಿಂದ ಬಂದ ರಾಬರ್ಟ್ ಫ್ರಾಂಕ್ ಗುಗನ್‌ಹೈಮ್ ಫೆಲೋಶಿಪ್ ಹಿಡಿದು ಬಹುಮಟ್ಟಿಗೆ ಒಂಟಿಯಾಗಿ ದೇಶ ಸುತ್ತಿದರು. ಪಟ್ಟಿಯಿಲ್ಲ, ಕಚೇರಿಯಿಲ್ಲ. 1955ರಲ್ಲಿ ಆರ್ಕನ್ಸಾದಲ್ಲಿ ಪೊಲೀಸರು ಅನುಮಾನದಿಂದ ಹಿಡಿದು ಗಂಟೆಗಟ್ಟಲೆ ಪ್ರಶ್ನಿಸಿದರು. ಸುಮಾರು 27,000 ಚಿತ್ರಗಳಿಂದ 83ನ್ನು ಆರಿಸಿ ‘ದಿ ಅಮೆರಿಕನ್ಸ್’ ಮಾಡಿದರು. ಅದು 1958ರಲ್ಲಿ ಪ್ಯಾರಿಸ್ಸಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಬಂತು. ಅಡಿಬರಹವೆಂದರೆ ಊರಿನ ಹೆಸರು, ಒಂದೆರಡು ಪದ. ಅದು ಮಹತ್ವದ ಪುಸ್ತಕ, ಒಬ್ಬ ಕವಿಯ ಕಣ್ಣು ಕಂಡ ದೇಶ. ಆದರೆ ನ್ಯೂ ಆರ್ಲಿಯನ್ಸ್ ಟ್ರಾಮಿನ ಹಿಂದಿನ ಕಿಟಕಿಯಿಂದ ನಮ್ಮನ್ನು ನೋಡುವ ಆ ಕಪ್ಪು ಮನುಷ್ಯ ಯಾರು, ಎಲ್ಲಿಗೆ ಹೊರಟಿದ್ದ ಎಂದು ನಾವು ಎಂದೂ ತಿಳಿಯಲಾರೆವು. ಫ್ರಾಂಕ್‌ಗೆ ಅದು ಬೇಕಿರಲಿಲ್ಲ. ನನಗೆ ಬೇಕು.

ಕಡತದ ಚಿತ್ರಗಳು ಸರ್ಕಾರಿ ನೌಕರರು ತೆಗೆದವಾದ್ದರಿಂದ ಅವಕ್ಕೆ ಹಕ್ಕುಸ್ವಾಮ್ಯದ ತಡೆಯಿಲ್ಲ. ಲೈಬ್ರರಿಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ಇಳಿಸಿಕೊಳ್ಳಬಹುದು. ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುವಾದ ‘ಫೋಟೊಗ್ರಾಮರ್’ ಎಂಬ ಯೋಜನೆ ಈ ಚಿತ್ರಗಳನ್ನು ಭೂಪಟದ ಮೇಲೆ ಜಿಲ್ಲಾವಾರು ಹರಡಿಟ್ಟಿದೆ. ಛಾಯಾಚಿತ್ರ ಕಲಿಯುತ್ತಿರುವ ತರುಣರು ಈ ಸಭೆಯಲ್ಲಿದ್ದೀರಿ. ನೀವು ಅಲ್ಲಿಗೆ ಹೋದಾಗ ಪ್ರಸಿದ್ಧ ಚಿತ್ರವನ್ನು ಹುಡುಕಬೇಡಿ. ಯಾವುದಾದರೂ ಜಿಲ್ಲೆಯನ್ನು ಒತ್ತಿ, ಯಾವುದಾದರೂ ಚಿತ್ರವನ್ನು ತೆರೆಯಿರಿ. ಅದರ ಹಿಂದಿನದು ಯಾವುದು, ಮುಂದಿನದು ಯಾವುದು ನೋಡಿ, ಅಡಿಬರಹ ಓದಿ. ಗೋಡೆಗೆ ಏನು ತೂಗುಹಾಕಿದ್ದಾರೆ ಎಂದು ಸ್ಟ್ರೈಕರ್ ಕೇಳಿದ ಪ್ರಶ್ನೆಗೆ ಉತ್ತರ ಸಾವಿರಾರು ಚಿತ್ರಗಳಲ್ಲಿ ಇದೆ. ಅಲಬಾಮಾದ ಒಕ್ಕಲು ಮನೆಗಳಲ್ಲಿ ಅದು ಬಹುಮಟ್ಟಿಗೆ ಹಳೆಯ ಪತ್ರಿಕೆಯ ಹಾಳೆ, ಅಂಗಡಿಯವರು ಕೊಟ್ಟ ಕ್ಯಾಲೆಂಡರು.